ಮಠದ ಕಾಲೇಜಿನಲ್ಲಿ ಒಂದು ಕೆಲಸ

ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿ ಮೂಟೆ ಸೇರಿ ಕ್ಯೂರಿಂಗಿಗೆ ಹೊರಟ ಮೇಲೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಮನೆಗಳಲ್ಲಿ ಮಕ್ಕಳ ಮುಂದಿನ ದಾರಿಯ ಮಾತು ಶುರುವಾಗುತ್ತದೆ. ಮಗಳ ಬಿ.ಕಾಂ. ಮುಗಿಯುತ್ತಾ ಬಂತು, ಮಗನ ಡಿಪ್ಲೊಮಾ ಮುಗಿದು ವರ್ಷವಾಯಿತು. ಬೆಂಗಳೂರಿಗೆ ಕಳಿಸಿದರೆ ಬರುವ ಸಂಬಳ ಬಾಡಿಗೆಗೇ ಸಾಲದು. ಆಗ ಯಾರೋ ಹೇಳುತ್ತಾರೆ, ಚಿಕ್ಕಮಗಳೂರಿನ ಆದಿಚುಂಚನಗಿರಿ ಕಾಲೇಜಿನಲ್ಲಿ ವಿಚಾರಿಸಿ ನೋಡಿ ಅಂತ. ಇನ್ನೊಬ್ಬರಿಗೆ ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಉಜಿರೆಯ ನೆನಪಾಗುತ್ತದೆ. ಧರ್ಮಸ್ಥಳದವರ ಸಂಸ್ಥೆಗಳು ಅಲ್ಲಿ ಸಾಲಾಗಿ ಇವೆ. ಮತ್ತೊಬ್ಬರಿಗೆ ಮಂಗಳೂರಿನ ಫಾದರ್ ಒಬ್ಬರ ಪರಿಚಯ. ಕೊನೆಗೆ ಮಾತೆಲ್ಲ ಒಂದೇ ಕಡೆ ಬಂದು ನಿಲ್ಲುತ್ತದೆ: "ಯಾರ ಕೈಲಿ ಹೇಳಿಸೋಣ?"

ಈ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆಗಳನ್ನು ಕೇಳಲು ನಮ್ಮ ಮನೆಗಳು ಕಲಿಯಬೇಕು. ಯಾವ ಕೆಲಸ, ಅದಕ್ಕೆ ಅರ್ಹತೆ ಏನು, ನೇಮಕಾತಿ ಪತ್ರ ಯಾವ ಸಂಸ್ಥೆಯ ಹೆಸರಿನಲ್ಲಿ ಬರುತ್ತದೆ, ಕೈಗೆ ಎಷ್ಟು ಸಂಬಳ, ಪಿಎಫ್ ಉಂಟೋ ಇಲ್ಲವೋ. ಗುರುಗಳ ಹೆಸರಿನ, ದೇವರ ಹೆಸರಿನ ಸಂಸ್ಥೆಯಲ್ಲಿ ಇದನ್ನೆಲ್ಲ ಕೇಳಿದರೆ ಎಲ್ಲಿ ಅಪಚಾರವಾಗುತ್ತದೋ ಎಂಬ ಸಂಕೋಚ ನಮ್ಮವರಿಗೆ. ಆ ಸಂಕೋಚ ಇಟ್ಟುಕೊಂಡು ಹತ್ತಾರು ವರ್ಷ ದುಡಿದು, ಬಿಡುವಾಗ ಬರಿಗೈಯಲ್ಲಿ ಬಂದವರನ್ನು ನೋಡಿದ್ದೇನೆ. ಹಾಗಾಗಬಾರದು.

ಬೆಟ್ಟದ ಮೇಲೆ ಸಂಬಳದ ಕೆಲಸ ಮೊದಲಿಂದಲೂ ಕಡಿಮೆ. ಕಳಸದ ಕಡೆಯವರಿಗೆ ಒಂದು ಕಾಲದಲ್ಲಿ ಕುದುರೆಮುಖ ಇತ್ತು. 1976ರಲ್ಲಿ ಹುಟ್ಟಿದ ಅದಿರು ಕಂಪನಿ ಕಾಡಿನ ನಡುವೆ ಒಂದು ಊರನ್ನೇ ಕಟ್ಟಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿಗೆ, ಭದ್ರಾ ನದಿಗೆ ಅದರಿಂದ ಒಳ್ಳೆಯದಾಯಿತು, ಆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ತಿಂಗಳ ಮೊದಲ ವಾರ ಸಂಬಳ ಬರುತ್ತಿದ್ದ ಮನೆಗಳು ಒಮ್ಮೆಗೇ ಖಾಲಿಯಾದದ್ದೂ ನಿಜ. ಬಾಳೆಹೊನ್ನೂರಿನ ಹತ್ತಿರ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರ, ಮೂಡಿಗೆರೆಯ ತೋಟಗಾರಿಕೆ ಕಾಲೇಜು ಇವೆಲ್ಲ ಸರ್ಕಾರದ್ದು. ಅಲ್ಲಿ ಹುದ್ದೆ ತೆರೆಯುವುದು ಯಾವಾಗಲೋ, ತೆರೆದಾಗ ಪೈಪೋಟಿ ಇಡೀ ರಾಜ್ಯದ್ದು, ಕೆಲವೊಮ್ಮೆ ಇಡೀ ದೇಶದ್ದು. ಉಳಿದದ್ದು ತೋಟ, ಹೋಂಸ್ಟೇ, ಅಂಗಡಿ. ಹಾಗಾಗಿ ಬಸ್ಸಿಗೆ ಎಟುಕುವ ದೂರದಲ್ಲಿ, ಮಠ, ಧರ್ಮಕ್ಷೇತ್ರ, ಚರ್ಚು, ಮುಸ್ಲಿಂ ಟ್ರಸ್ಟುಗಳು ನಡೆಸುವ ಕಾಲೇಜು ಮತ್ತು ವಿಶ್ವವಿದ್ಯಾಲಯಗಳು ಈ ಸೀಮೆಯ ಯುವಕರಿಗೆ ದೊಡ್ಡ ಆಸರೆ.

ಎಷ್ಟು ದೊಡ್ಡದು ಎಂಬುದಕ್ಕೆ ಹೆಸರುಗಳನ್ನು ನೋಡಿದರೆ ಸಾಕು. ಆದಿಚುಂಚನಗಿರಿ ಮಠಕ್ಕೆ 1974ರಲ್ಲಿ ಪೀಠಾಧ್ಯಕ್ಷರಾದ ಬಾಲಗಂಗಾಧರನಾಥ ಸ್ವಾಮೀಜಿ ಹಳ್ಳಿಹಳ್ಳಿಗೆ ಶಾಲೆ, ಕಾಲೇಜು ಕಟ್ಟುತ್ತಾ ಹೋದರು. ಚಿಕ್ಕಮಗಳೂರಿನ ಆದಿಚುಂಚನಗಿರಿ ಎಂಜಿನಿಯರಿಂಗ್ ಕಾಲೇಜು ನಾಲ್ಕು ದಶಕಕ್ಕೂ ಹಿಂದೆ ಆ ಕಾಲದಲ್ಲೇ ಬಂದದ್ದು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜು ಬಂತು, 2018ರಲ್ಲಿ ಅಲ್ಲೇ ಆದಿಚುಂಚನಗಿರಿ ವಿಶ್ವವಿದ್ಯಾಲಯ ಶುರುವಾಯಿತು. ಧರ್ಮಸ್ಥಳದ ಶಿಕ್ಷಣ ಸಂಸ್ಥೆ ಉಜಿರೆಯಲ್ಲಿ ಕಾಲೇಜು ತೆರೆದದ್ದು 1966ರಲ್ಲಿ. ಅವರ ಎಸ್‌ಡಿಎಂ ವಿಶ್ವವಿದ್ಯಾಲಯ ಇರುವುದು ಧಾರವಾಡದಲ್ಲಿ. ಮಂಗಳೂರಿನಲ್ಲಿ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅದೇ ಊರಿನ ಯೆನೆಪೋಯ 2008ರಲ್ಲೇ ಆ ಸ್ಥಾನ ಪಡೆದಿತ್ತು. ಬೆಂಗಳೂರಿನ ಕ್ರೈಸ್ಟ್, ಮೈಸೂರಿನ ಜೆಎಸ್‌ಎಸ್ ಕೂಡ 2008ರವು. ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರದ್ದು, ವಿಶ್ವವಿದ್ಯಾಲಯವಾಗಿ 2022ರಲ್ಲಿ ಉದ್ಘಾಟನೆಯಾಯಿತು.

ಈ ಪಟ್ಟಿಯಲ್ಲಿ ನಮ್ಮ ಜಿಲ್ಲೆಯದೇ ಆದ ಒಂದು ಹೆಸರನ್ನು ಜನ ತಪ್ಪಾಗಿ ಸೇರಿಸುವುದುಂಟು. ಶೃಂಗೇರಿಯ ಮೆಣಸೆಯಲ್ಲಿರುವ ರಾಜೀವ್ ಗಾಂಧಿ ಕ್ಯಾಂಪಸ್ ಮಠದ್ದಲ್ಲ. ಅದು ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ್ದು. ಅಲ್ಲಿನ ಕಾಯಂ ಗುಮಾಸ್ತ ಹುದ್ದೆಗೂ ಪ್ರಕಟಣೆ ದೆಹಲಿಯಿಂದಲೇ ಬರುತ್ತದೆ, ಕೇಂದ್ರ ಸರ್ಕಾರದ ಮೀಸಲಾತಿ, ವಯೋಮಿತಿ, ವೇತನಶ್ರೇಣಿ ಎಲ್ಲವೂ ಅನ್ವಯಿಸುತ್ತವೆ. ಮಠದಲ್ಲಿ ಹೇಳಿಸಿದರೆ ಆದೀತು ಎಂದು ಕಾದು ಕೂತವರು ಅರ್ಜಿಯ ಕೊನೆಯ ದಿನ ತಪ್ಪಿಸಿಕೊಳ್ಳುತ್ತಾರೆ.

ಕೆಲಸ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಲೆಕ್ಚರರ್. ಆ ದಾರಿ ಈಗ ಕಿರಿದಾಗಿದೆ. ಕಲೆ, ವಾಣಿಜ್ಯ, ವಿಜ್ಞಾನ ವಿಷಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್ ಅಥವಾ ಕೆ-ಸೆಟ್ ಬೇಕು, ಇಲ್ಲವೇ ನಿಯಮದ ಪ್ರಕಾರ ಪಡೆದ ಪಿಎಚ್.ಡಿ. ಇರಬೇಕು. ಯುಜಿಸಿಯ ಏಳನೇ ವೇತನ ಶ್ರೇಣಿಯಲ್ಲಿ ಆ ಹುದ್ದೆಯ ಆರಂಭಿಕ ಮೂಲ ವೇತನ 57,700 ರೂಪಾಯಿ. ಖಾಸಗಿ ಸಂಸ್ಥೆಯಲ್ಲಿ ಅಷ್ಟು ಸಿಕ್ಕೇ ಸಿಗುತ್ತದೆ ಎಂದು ನಂಬಿ ಸಾಲ ಮಾಡಬೇಡಿ. ಕೇಳಿ ತಿಳಿದುಕೊಳ್ಳಿ.

ನಾನು ಹೇಳಹೊರಟಿರುವುದು ಪಾಠದ ಕೋಣೆಯ ಹೊರಗಿನ ಕೆಲಸಗಳ ಬಗ್ಗೆ. ಒಂದು ವಿಶ್ವವಿದ್ಯಾಲಯ ನಡೆಯಬೇಕಾದರೆ ಪ್ರವೇಶ ವಿಭಾಗ, ಪರೀಕ್ಷಾ ವಿಭಾಗ, ಲೆಕ್ಕಪತ್ರ, ಗ್ರಂಥಾಲಯ, ಪ್ರಯೋಗಾಲಯ, ಹಾಸ್ಟೆಲ್, ಬಸ್ಸು, ಅಡುಗೆಮನೆ, ತೋಟ, ವಿದ್ಯುತ್, ನೀರು ಎಲ್ಲಕ್ಕೂ ಜನ ಬೇಕು. ವೈದ್ಯಕೀಯ ಕಾಲೇಜಿದ್ದರೆ ಆಸ್ಪತ್ರೆಯೇ ಒಂದು ಊರು. ನರ್ಸುಗಳು, ಲ್ಯಾಬ್ ಟೆಕ್ನಿಷಿಯನ್ನರು, ಫಾರ್ಮಸಿಯವರು, ಕೇಸ್‌ಶೀಟ್ ಜೋಡಿಸಿ ಇಡುವವರು, ಬಿಲ್ಲಿಂಗ್ ಕೌಂಟರಿನವರು. ಗ್ರಂಥಾಲಯ ವಿಜ್ಞಾನ ಓದಿದವರಿಗೆ ಗ್ರಂಥಾಲಯ, ಡಿಪ್ಲೊಮಾ ಅಥವಾ ಐಟಿಐ ಆದವರಿಗೆ ಪ್ರಯೋಗಾಲಯ ಮತ್ತು ವರ್ಕ್‌ಶಾಪು, ಬಿ.ಕಾಂ. ಮಾಡಿ ಟ್ಯಾಲಿ ಬಲ್ಲವರಿಗೆ ಲೆಕ್ಕಪತ್ರ. ಎಸ್ಸೆಸ್ಸೆಲ್ಸಿ, ಪಿಯುಸಿ ಮಾತ್ರ ಆದವರಿಗೂ ಅಟೆಂಡರ್, ಹಾಸ್ಟೆಲ್ ಸಹಾಯಕರಂಥ ಹುದ್ದೆಗಳಿವೆ. ನ್ಯಾಕ್ ಮಾನ್ಯತೆ ಬಂದ ಮೇಲೆ ಇನ್ನೊಂದು ಕೆಲಸ ಹುಟ್ಟಿಕೊಂಡಿದೆ. ಐದು ವರ್ಷದ ದಾಖಲೆಗಳನ್ನು ಒಂದೂ ತಪ್ಪದಂತೆ ಜೋಡಿಸಿ, ಕಂಪ್ಯೂಟರಿಗೆ ಏರಿಸುವವರು ಎಲ್ಲ ಸಂಸ್ಥೆಗೂ ಬೇಕು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಪತ್ರ ತಪ್ಪಿಲ್ಲದೆ ಬರೆಯಬಲ್ಲ ಹುಡುಗಿಗೆ ಇಂಥ ಕಡೆ ಬೆಲೆ ಇದೆ.

ಇದು ಸಣ್ಣ ಕೆಲಸ ಎಂದು ಮೂಗು ಮುರಿಯುವವರು ಜೂನ್ ತಿಂಗಳಲ್ಲಿ ಯಾವುದಾದರೂ ಕಾಲೇಜಿನ ಪ್ರವೇಶ ಕೌಂಟರಿನ ಹತ್ತಿರ ಒಂದು ಗಂಟೆ ನಿಂತು ನೋಡಬೇಕು. ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳ ರಾಶಿ. ತೋಟದ ಲೈನ್ ಮನೆಯಿಂದ ಬಂದ ಹುಡುಗಿ, ಜೊತೆಗೆ ಕೂಲಿ ಬಿಟ್ಟು ಬಂದ ತಾಯಿ. ಪ್ಲಾಸ್ಟಿಕ್ ಕವರಿನಿಂದ ಕಾಗದಗಳು ಒಂದೊಂದಾಗಿ ಮೇಜಿನ ಮೇಲೆ ಬರುತ್ತವೆ. ಅಂಕಪಟ್ಟಿಯಲ್ಲಿ ಇರುವ ಹೆಸರಿಗೂ ಆಧಾರ್‌ನಲ್ಲಿ ಇರುವುದಕ್ಕೂ ಒಂದು ಇನಿಷಿಯಲ್ ವ್ಯತ್ಯಾಸ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಮೇಲೇ ಮಡಿಕೆ ಬಿದ್ದು ಅಂಕಿ ಅಳಿಸಿದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಇವುಗಳಲ್ಲಿ ಒಂದು ತಪ್ಪು ಉಳಿದರೂ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ, ಇಲ್ಲವೇ ಹಣ ಮಂಜೂರಾದರೂ ಖಾತೆಗೆ ಬೀಳುವುದಿಲ್ಲ.

ಕೌಂಟರಿನ ಆಚೆ ಕೂತ ಗುಮಾಸ್ತ "ಸರಿಮಾಡಿಸಿಕೊಂಡು ಬನ್ನಿ" ಎಂದು ಕಾಗದ ವಾಪಸ್ ತಳ್ಳಬಹುದು. ಆ ತಾಯಿ ಇನ್ನೊಂದು ದಿನದ ಕೂಲಿ ಬಿಟ್ಟು ಬರುವುದಿಲ್ಲ. ಆ ಹುಡುಗಿ ಓದುವುದಿಲ್ಲ. ಅದೇ ಗುಮಾಸ್ತ ಒಂದು ಚೀಟಿ ತೆಗೆದುಕೊಂಡು, ಮೊದಲು ನಾಡಕಚೇರಿಗೆ ಹೋಗಿ, ಆದಾಯದ್ದಕ್ಕೆ ಅರ್ಜಿ ಕೊಟ್ಟು ರಸೀದಿ ತನ್ನಿ, ಆಮೇಲೆ ಬ್ಯಾಂಕಿಗೆ, ಹೆಸರಿನದ್ದು ಹೀಗೆ ಸರಿಮಾಡಿಸಬಹುದು, ಸೀಟು ಅಷ್ಟರವರೆಗೆ ಇಟ್ಟಿರುತ್ತೇವೆ, ಈ ನಂಬರಿಗೆ ಫೋನ್ ಮಾಡಮ್ಮಾ ಎಂದು ಬರೆದುಕೊಡಬಹುದು. ಈ ಎರಡರ ನಡುವೆ ಒಂದು ಕುಟುಂಬದ ಹಣೆಬರಹವೇ ಬೇರೆಯಾಗುತ್ತದೆ. ಯಾವ ಪ್ರಾಧ್ಯಾಪಕರ ಉಪನ್ಯಾಸಕ್ಕೂ ಮೊದಲು ಆ ಹುಡುಗಿಗೆ ಸಿಕ್ಕ ಶಿಕ್ಷಣ ಸಂಸ್ಥೆಯೆಂದರೆ ಆ ಗುಮಾಸ್ತನೇ. ಲೈನ್ ಮನೆ ಎಂದರೇನು, ಬಟವಾಡೆ ಯಾವ ವಾರ, ಕಳಸದ ಕೊನೆ ಬಸ್ಸು ತಪ್ಪಿದರೆ ಏನಾಗುತ್ತದೆ ಎಂದು ಗೊತ್ತಿರುವವನು ಆ ಕುರ್ಚಿಯಲ್ಲಿ ಕೂರಬೇಕು. ನಮ್ಮ ಮಕ್ಕಳು ಈ ಕೆಲಸಕ್ಕೆ ಹೋಗಬೇಕು ಎಂದು ನಾನು ಹೇಳುವುದು ಸಂಬಳಕ್ಕಷ್ಟೇ ಅಲ್ಲ.

ತೋಟದಲ್ಲಿ ರೈಟರ್ ಆಗಿ ದುಡಿದವರನ್ನೂ ಇಲ್ಲಿ ನೆನೆಯಬೇಕು. ಚೆಕ್‌ರೋಲ್ ಬರೆಯುವುದು, ಹಾಜರಿ ಕೂಡುವುದು, ಕೊಯ್ದ ಹಣ್ಣಿನ ತೂಕಕ್ಕೆ ಕೂಲಿ ಕಟ್ಟುವುದು, ಮುಂಗಡ ಕಳೆದು ಬಟವಾಡೆ ಮಾಡುವುದು, ಗೊಬ್ಬರದ ಸ್ಟಾಕ್ ಇಡುವುದು. ಇದು ಸಂಬಳ ವಿಭಾಗದ ಮತ್ತು ಸ್ಟೋರ್ಸ್ ವಿಭಾಗದ ಕೆಲಸವೇ. ಅರ್ಜಿಯಲ್ಲಿ ಅದನ್ನು "ತೋಟದಲ್ಲಿ ಕೆಲಸ" ಎಂದು ಒಂದೇ ಸಾಲಿನಲ್ಲಿ ಮುಗಿಸಬಾರದು. ಎಷ್ಟು ಆಳಿನ ಲೆಕ್ಕ ನೋಡುತ್ತಿದ್ದೆ, ಪಿಎಫ್ ರಿಟರ್ನ್ ತುಂಬಿದ್ದೇನೆಯೇ, ಕಂಪ್ಯೂಟರಿನಲ್ಲಿ ಮಾಡಿದೆನೇ ಎಂದು ಬಿಡಿಸಿ ಬರೆಯಬೇಕು, ತೋಟದ ಮಾಲೀಕರಿಂದ ಅನುಭವ ಪತ್ರ ಪಡೆಯಬೇಕು.

ಈಗ ಎಲ್ಲರ ಮನಸ್ಸಿನಲ್ಲಿ ಇದ್ದೂ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ: ನಾವು ಅವರ ಜಾತಿಯವರಲ್ಲ, ಅವರ ಧರ್ಮದವರಲ್ಲ, ಕೆಲಸ ಕೊಡುತ್ತಾರೆಯೇ? ಸಂವಿಧಾನದ 30ನೇ ವಿಧಿ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕಿನಲ್ಲಿ ಸಿಬ್ಬಂದಿಯನ್ನು ಆರಿಸಿಕೊಳ್ಳುವುದೂ ಸೇರಿದೆ. ಆದರೆ ಆಯಾ ಹುದ್ದೆಗೆ ನಿಗದಿಯಾದ ಅರ್ಹತೆಯನ್ನು ಬದಿಗಿಡುವಂತಿಲ್ಲ. ಈ ವಿಷಯದಲ್ಲಿ ದೇಶಕ್ಕೆಲ್ಲ ದಾರಿ ತೋರಿದ ಮೊಕದ್ದಮೆ ನಮ್ಮ ರಾಜ್ಯದಿಂದಲೇ ಹೋದದ್ದು, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಆ ಪ್ರಕರಣದಲ್ಲಿ 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸಂಸ್ಥೆ ನಡೆಸುವವರಿಗೆ ಸಿಬ್ಬಂದಿ ನೇಮಿಸುವ ಸ್ವಾತಂತ್ರ್ಯ ಇದೆ ಎಂದು ಹೇಳಿದ ತೀರ್ಪೇ, ನೌಕರರ ಮೇಲೆ ಕ್ರಮ ಕೈಗೊಳ್ಳುವಾಗ ವಿಚಾರಣೆ ನಡೆಯಬೇಕು, ಅವರ ದೂರು ಕೇಳಲು ಜಿಲ್ಲಾ ನ್ಯಾಯಾಧೀಶರ ದರ್ಜೆಯವರ ನ್ಯಾಯಮಂಡಳಿ ಇರಬೇಕು ಎಂದೂ ಹೇಳಿತು. ಮೊದಲ ಅರ್ಧವನ್ನು ಆಡಳಿತ ಮಂಡಳಿಗಳು ಬಾಯಿಪಾಠ ಮಾಡಿಕೊಂಡಿವೆ. ಎರಡನೆಯ ಅರ್ಧ ನೌಕರರಿಗೇ ಗೊತ್ತಿಲ್ಲ.

ಕಾನೂನು ಹೀಗಿದ್ದರೂ ನಿತ್ಯದ ವ್ಯವಹಾರದಲ್ಲಿ ಈ ಕ್ಯಾಂಪಸ್ಸುಗಳಲ್ಲಿ ಎಲ್ಲ ಧರ್ಮದವರೂ ದುಡಿಯುತ್ತಾರೆ. ಚರ್ಚಿನ ಕಾಲೇಜುಗಳಲ್ಲಿ ಹಿಂದೂ, ಮುಸ್ಲಿಂ ನೌಕರರಿದ್ದಾರೆ. ಮಠದ ಕಾಲೇಜಿನ ಪ್ರಯೋಗಾಲಯಗಳಲ್ಲಿ ಕ್ರೈಸ್ತರಿದ್ದಾರೆ. ಸಂಸ್ಥೆಯ ನಡೆನುಡಿಗೆ ಹೊಂದಿಕೊಳ್ಳಬೇಕಾದ್ದು ಸಹಜ. ಬೆಳಗಿನ ಪ್ರಾರ್ಥನೆ, ಸಸ್ಯಾಹಾರದ ಕ್ಯಾಂಟೀನ್, ಗುರುಗಳ ಜಯಂತಿಗೋ ಹಬ್ಬಕ್ಕೋ ಹೆಚ್ಚುವರಿ ಓಡಾಟ, ಉಡುಪಿನ ನಿಯಮ. ಇವನ್ನು ಸೇರುವ ಮೊದಲೇ ಕೇಳಿಕೊಂಡರೆ ಆಮೇಲೆ ಮನಸ್ತಾಪವಿಲ್ಲ. ಜಾತ್ರೆ, ಉತ್ಸವದ ದಿನ ದುಡಿದರೆ ಬದಲಿ ರಜೆ ಉಂಟೇ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ನೇಮಕಾತಿ ಪತ್ರ ಕೈಗೆ ಬಂದಾಗ ಮೊದಲು ಓದಬೇಕಾದ್ದು ಮೇಲಿನ ತಲೆಬರಹ. ಒಂದೇ ಟ್ರಸ್ಟಿನ ಕೆಳಗೆ ವಿಶ್ವವಿದ್ಯಾಲಯ ಇರುತ್ತದೆ, ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೂ ಇರುತ್ತದೆ, ಆಸ್ಪತ್ರೆ ಇರುತ್ತದೆ, ಹಾಸ್ಟೆಲ್ ಇರುತ್ತದೆ. ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಟಿಯುಗೆ ಸೇರಿದ್ದು, ಅದೇ ಮಠದ ವಿಶ್ವವಿದ್ಯಾಲಯ ಬೇರೆ. ನಿಮ್ಮ ಉದ್ಯೋಗದಾತ ಯಾರು, ಬೇರೆ ಊರಿಗೆ ವರ್ಗ ಮಾಡಬಹುದೇ ಎಂಬುದು ಆ ತಲೆಬರಹ ಮತ್ತು ವರ್ಗಾವಣೆಯ ಷರತ್ತಿನಲ್ಲಿ ಗೊತ್ತಾಗುತ್ತದೆ. ಕೆಲವು ಕಡೆ ಪತ್ರ ಸಂಸ್ಥೆಯದ್ದೇ ಆಗಿರುವುದಿಲ್ಲ, ಯಾವುದೋ ಏಜೆನ್ಸಿಯದ್ದು. ಆಗ ನೀವು ಗುತ್ತಿಗೆಯವರು. ಅನುದಾನಿತ ಹುದ್ದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ನಂಬಬೇಡಿ. ಸರ್ಕಾರದ ಅನುಮೋದನೆ ಇಲ್ಲದೆ ಯಾವ ಹುದ್ದೆಯೂ ಅನುದಾನಕ್ಕೆ ಸೇರುವುದಿಲ್ಲ. "ಮುಂದೆ ಕಾಯಂ ಮಾಡುತ್ತೇವೆ" ಎಂಬುದು ಪತ್ರದಲ್ಲಿ ಇಲ್ಲದಿದ್ದರೆ ಅದು ಇಲ್ಲವೆಂದೇ ಲೆಕ್ಕ.

ಆಮೇಲೆ ಸಂಬಳದ ಸಾಲು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ಪಿಎಫ್‌ಗೆ ನಿಮ್ಮಿಂದ ಶೇ 12, ಅಂದರೆ 1,800 ರೂಪಾಯಿ ಕಡಿತವಾಗುತ್ತದೆ. ಸಂಸ್ಥೆಯೂ ಅಷ್ಟೇ ಹಾಕಬೇಕು. ಸಂಸ್ಥೆಯ ಪಾಲಿನಲ್ಲಿ 1,250 ರೂಪಾಯಿ ಪಿಂಚಣಿ ಖಾತೆಗೆ ಹೋಗುತ್ತದೆ. 10 ವರ್ಷದ ಸೇವೆಯಾದರೆ ಆ ಪಿಂಚಣಿಗೆ ಅರ್ಹತೆ ಬರುತ್ತದೆ. ಕೆಲಸಕ್ಕೆ ಸೇರಿದ ತಿಂಗಳೇ ಯುಎಎನ್ ಸಂಖ್ಯೆ ಕೇಳಿ ಪಡೆದು, ಮೊಬೈಲಿನಲ್ಲಿ ಪಾಸ್‌ಬುಕ್ ತೆರೆದು, ಹಣ ಬೀಳುತ್ತಿದೆಯೇ ನೋಡಿ. ಕಡಿತವಾಗಿದೆ ಎಂದು ಸಂಬಳ ಚೀಟಿಯಲ್ಲಿ ಇದ್ದರೆ ಸಾಲದು, ಖಾತೆಗೆ ಬಿದ್ದಿರಬೇಕು. ಇಎಸ್‌ಐ ಅನ್ವಯಿಸುವ ಕಡೆ 21,000 ರೂಪಾಯಿವರೆಗಿನ ಸಂಬಳದವರಿಗೆ ಶೇ 0.75 ಮಾತ್ರ ಕಡಿತ. ಮನೆಮಂದಿಗೆಲ್ಲ ಚಿಕಿತ್ಸೆ ಸಿಗುತ್ತದೆ.

ಐದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ ಹಕ್ಕು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ 18,000 ಇದ್ದು 10 ವರ್ಷ ದುಡಿದಿದ್ದರೆ ಅದು ಒಂದು ಲಕ್ಷ ರೂಪಾಯಿ ದಾಟುತ್ತದೆ. ಶಿಕ್ಷಕರಿಗೆ ಇದು ಸಿಗುವುದಿಲ್ಲ ಎಂಬ ವಾದ ಬಹಳ ಕಾಲ ನಡೆಯಿತು. 2009ರಲ್ಲಿ ಕಾನೂನು ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಅವರನ್ನೂ ಸೇರಿಸಲಾಯಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೋಧಕೇತರರ ಬಗ್ಗೆ ಆ ಗೊಂದಲವೂ ಇರಲಿಲ್ಲ. ಆದರೂ ರಾಜೀನಾಮೆ ಕೊಟ್ಟು, ಗುರುಗಳ ಆಶೀರ್ವಾದ ಪಡೆದು, ಶಾಲು ಹೊದ್ದು ಮನೆಗೆ ಬಂದ ಅಟೆಂಡರ್ ಗ್ರಾಚ್ಯುಟಿಯ ಹೆಸರನ್ನೇ ಕೇಳಿರುವುದಿಲ್ಲ. ಶಾಲು ಗೌರವ, ಒಪ್ಪಿಕೊಳ್ಳೋಣ. ಗ್ರಾಚ್ಯುಟಿ ಅವನ ದುಡಿಮೆಯ ಹಣ.

ಹೆಣ್ಣುಮಕ್ಕಳು ಕೇಳಲೇಬೇಕಾದ ಎರಡು ವಿಷಯ ಬೇರೆ ಇವೆ. ಹೆರಿಗೆ ರಜೆ 26 ವಾರ, ಸಂಬಳ ಸಹಿತ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಅರ್ಹತೆ ಇದೆ. ಮತ್ತೊಂದು, 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನರಿರುವ ಪ್ರತಿ ಕಚೇರಿಯಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಅದರ ಸದಸ್ಯರ ಹೆಸರು ಗೋಡೆಯ ಮೇಲೆ ಇದೆಯೇ ನೋಡಿ. ಹಾಸ್ಟೆಲಿನಲ್ಲೇ ಉಳಿದು ವಾರ್ಡನ್ ಕೆಲಸ ಮಾಡುವವರು ಇದನ್ನು ಮರೆಯಬಾರದು. ವಾರ್ಡನ್ ಕೆಲಸಕ್ಕೆ ಊಟ, ವಸತಿ ಸಿಗುತ್ತದೆ ಎಂದು ಸಂಬಳ ಕಡಿಮೆ ಇಡುತ್ತಾರೆ, ಹೊತ್ತಿಗೆ ಮಿತಿ ಇರುವುದಿಲ್ಲ. ವಾರದ ರಜೆ ಯಾವತ್ತು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಮೂಲ ಅಂಕಪಟ್ಟಿಗಳನ್ನು ತೋರಿಸಿ, ನಕಲು ಕೊಟ್ಟು, ವಾಪಸ್ ತನ್ನಿ. "ಇಲ್ಲೇ ಭದ್ರವಾಗಿರುತ್ತದೆ" ಎಂದು ಯಾರು ಹೇಳಿದರೂ ಬಿಟ್ಟು ಬರಬೇಡಿ. ಹಾಗೆ ಬಿಟ್ಟು ಬಂದ, ನನಗೆ ಗೊತ್ತಿರುವ ಒಬ್ಬ ಹುಡುಗ ಬೇರೆ ಕಡೆ ಇನ್ನೂ ಒಳ್ಳೆಯ ಕೆಲಸ ಸಿಕ್ಕರೂ ಹೋಗಲಾಗದೆ ಒಂದು ವರ್ಷ ಕಾಗದಕ್ಕಾಗಿ ಅಲೆದ. ಕೆಲಸ ಕೊಡಿಸುತ್ತೇನೆ, ಟ್ರಸ್ಟಿಗೆ ದೇಣಿಗೆ ಕೊಡಿ ಎಂದು ನಡುವೆ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ತೋಟ ಅಡವಿಟ್ಟು ಹಾಗೆ ಕೊಟ್ಟವರಿಗೆ ರಸೀದಿ ಇರುವುದಿಲ್ಲ, ಕೆಲಸವೂ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಈ ಸಂಸ್ಥೆಗಳ ಮೇಲಿನ ಅಗೌರವದಿಂದಲ್ಲ. ಸರ್ಕಾರ ಕೈಚಾಚದ ಕಾಲದಲ್ಲಿ ಬಡಮಕ್ಕಳನ್ನು ಕರೆದು ಅನ್ನವಿಟ್ಟು ಓದಿಸಿದವರು ಮಠದವರು, ಪಾದ್ರಿಗಳು, ಧರ್ಮಕ್ಷೇತ್ರದವರು. ಈ ಬೆಟ್ಟದ ಎಷ್ಟೋ ಮನೆಗಳ ಮೊದಲ ಪದವೀಧರರು ಅವರ ಹಾಸ್ಟೆಲಿನಲ್ಲಿ ಉಂಡು ಬೆಳೆದವರು. ಅದಕ್ಕೇ ಅವರ ಮೇಲೆ ನಮಗೆ ಹಕ್ಕಿನ ನಿರೀಕ್ಷೆ ಇದೆ. ತಮ್ಮ ವಿದ್ಯಾರ್ಥಿಗೆ ತೋರಿದ ಕರುಣೆಯನ್ನು ತಮ್ಮ ಗುಮಾಸ್ತನಿಗೆ ನ್ಯಾಯವಾಗಿ ಕೊಡಬೇಕು.

ಮಠಾಧೀಶರಿಗೆ, ಬಿಷಪ್ಪರಿಗೆ, ಟ್ರಸ್ಟಿಗಳಿಗೆ ಒಂದು ಬಿನ್ನಹ. ಹುದ್ದೆ ಖಾಲಿಯಾದಾಗ ಪ್ರಕಟಣೆಯನ್ನು ಇಂಗ್ಲಿಷಿನಲ್ಲಿ ಜಾಲತಾಣಕ್ಕೆ ಹಾಕಿ ಸುಮ್ಮನಾಗಬೇಡಿ. ಕನ್ನಡದಲ್ಲಿ ಬರೆಯಿರಿ, ಸಂಬಳ ಎಷ್ಟೆಂದು ಅಂಕಿಯಲ್ಲಿ ಹಾಕಿ, ಕಾಯಂ ಅಥವಾ ಗುತ್ತಿಗೆ ಎಂದು ಸ್ಪಷ್ಟವಾಗಿ ತಿಳಿಸಿ. ಅದರ ಒಂದು ಪ್ರತಿ ಮೂಡಿಗೆರೆಯ ಗ್ರಂಥಾಲಯಕ್ಕೆ, ಒಂದು ಕಳಸದ ಗ್ರಾಮ ಪಂಚಾಯಿತಿಗೆ, ಒಂದು ಕೊಟ್ಟಿಗೆಹಾರದ ಬಸ್ ನಿಲ್ದಾಣಕ್ಕೆ ಕಳಿಸಿ. ಅರ್ಜಿ ಹಾಕಲು ಕನಿಷ್ಠ ಮೂರು ವಾರ ಸಮಯ ಕೊಡಿ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ.